ಸಿಸ್ಟರ್ ಆಗಬೇಕೆನ್ನುವ ಕರೆ ನಿಜವೋ ಅಲ್ಲವೋ ತಿಳಿಯುವುದು ಹೇಗೆ? ಸಾಲವಿದೆ, ಮನೆಯಲ್ಲಿ ಹರಕೆಯೂ ಇದೆ

ಸಹ್ಯಾದ್ರಿ ತೆರೇಸಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಯಸ್ಸು 24, ಶಿವಮೊಗ್ಗ ಕಡೆಯ ಧರ್ಮಕೇಂದ್ರ. ಬಿ.ಎಸ್ಸಿ. ನರ್ಸಿಂಗ್ ಮುಗಿದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದೇನೆ. ಧಾರ್ಮಿಕ ಜೀವನದ ಸೆಳೆತ ಪಿಯುಸಿಯಿಂದಲೂ ಇದೆ, ಈಗ ಮತ್ತೆ ಬಲವಾಗಿದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಇದು ದೈವಕರೆಯೋ ಅಥವಾ ಧ್ಯಾನಕೂಟ ಮುಗಿಸಿ ಬಂದಾಗ ಏಳುವ ಉತ್ಸಾಹವೋ ಎಂದು ಪರೀಕ್ಷಿಸುವ ಕ್ರಮ ಏನು? ಶಾಲೆ, ಆಸ್ಪತ್ರೆ ನಡೆಸುವ ಸಭೆಗಳೂ (ಸಿಸ್ಟರ್‌ಗಳ ಸಂಘಗಳು) ಇಷ್ಟ, ಮಠದೊಳಗೇ ಉಳಿದು ಪ್ರಾರ್ಥಿಸುವ ಕಾರ್ಮೆಲಿನ ಮೌನವೂ ಇಷ್ಟ. ಎರಡರಲ್ಲಿ ಯಾವುದು ಎಂದು ಹೇಗೆ ಗೊತ್ತುಮಾಡಿಕೊಳ್ಳುವುದು? ಎಜುಕೇಶನ್ ಲೋನ್ ಇನ್ನೂ ಅರ್ಧ ಬಾಕಿ ಇದೆ, ಅಪ್ಪ ಸಹಿ ಹಾಕಿದ್ದಾರೆ. ಸಾಲ ಇಟ್ಟುಕೊಂಡು ಸೇರಬಹುದೇ? ಸೇರಿದ ಮೇಲೆ ಎಷ್ಟು ವರ್ಷದವರೆಗೆ ಹಿಂದಿರುಗಿ ಬರುವ ಸ್ವಾತಂತ್ರ್ಯ ಇರುತ್ತದೆ? ಯಾವ ಕಾಗದಪತ್ರ ಬೇಕು?

ಮೌನಧ್ಯಾನ ಉತ್ತರ:

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಉಳಿದದ್ದಕ್ಕೆ ಇಲ್ಲಿ ಬೇರೆಯವರು ಇದ್ದಾರೆ.

ಕರೆ ಇದೆಯೋ ಇಲ್ಲವೋ ಎಂದು ನೀವೊಬ್ಬರೇ ಕೂತು ತೀರ್ಮಾನಿಸಲು ಆಗುವುದಿಲ್ಲ. ನಿಮ್ಮ ಒಳಗಿನ ಸೆಳೆತ ಅರ್ಧ ಸಾಕ್ಷಿ. ನಿಮ್ಮನ್ನು ಹತ್ತಿರದಿಂದ ನೋಡಿ ‘ಸರಿ, ಬನ್ನಿ’ ಎಂದು ಸಭೆ ಹೇಳುವುದು ಉಳಿದರ್ಧ. ಈಗ ನೀವು ಉತ್ತರ ಕೊಡಬೇಕಾದದ್ದು ಮುಂದಿನ ಒಂದು ಹೆಜ್ಜೆಗೆ ಮಾತ್ರ. ಆಜೀವ ವ್ರತದ (ಸಾಯುವವರೆಗೆ ಸಿಸ್ಟರ್ ಆಗಿರುತ್ತೇನೆ ಎಂಬ ಪ್ರತಿಜ್ಞೆಯ) ಪ್ರಶ್ನೆ ಎದುರಾಗುವ ಹೊತ್ತಿಗೆ ಎಂಟು ಹತ್ತು ವರ್ಷ ಕಳೆದಿರುತ್ತದೆ.

ಒಬ್ಬ ಆಧ್ಯಾತ್ಮಿಕ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಳ್ಳಿ. ತಿಂಗಳಿಗೊಮ್ಮೆ ಒಂದು ಗಂಟೆ ಸಾಕು. ಗುರುಗಳು (ಪಾದ್ರಿ) ಆಗಬಹುದು, ಸಿಸ್ಟರ್ ಆಗಬಹುದು, ತರಬೇತಿ ಪಡೆದ ಗೃಹಸ್ಥರೂ ಆಗಬಹುದು. ಆದರೆ ನೀವು ಸೇರಬೇಕೆಂದಿರುವ ಸಭೆಯವರು ಬೇಡ. ಆ ಸಭೆಯ ದೈವಕರೆ ವಿಭಾಗದ ಸಿಸ್ಟರ್ ಎಷ್ಟೇ ಒಳ್ಳೆಯವರಿದ್ದರೂ ಅವರ ಜವಾಬ್ದಾರಿ ತಮ್ಮ ಸಭೆಗೆ ಅಭ್ಯರ್ಥಿಗಳನ್ನು ಕರೆತರುವುದು. ಎರಡು ಪಾತ್ರವನ್ನೂ ಒಬ್ಬರೇ ವಹಿಸಿದರೆ ‘ಬೇಡ’ ಎನ್ನುವ ಉತ್ತರಕ್ಕೆ ಜಾಗವೇ ಉಳಿಯುವುದಿಲ್ಲ.

ದಿನಚರಿ ಹೀಗಿರಲಿ. ಅಂದಿನ ಶುಭಸಂದೇಶದ (ಬೈಬಲಿನ ಪಾಠದ) ಮೇಲೆ ಅರ್ಧ ಗಂಟೆ ಮೌನ ಪ್ರಾರ್ಥನೆ. ಮಲಗುವ ಮುಂಚೆ ಹದಿನೈದು ನಿಮಿಷ ಆ ದಿನವನ್ನು ದೇವರ ಮುಂದೆ ಹಿಂತಿರುಗಿ ನೋಡುವುದು, ನೋಡಿದ ಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಮೂರು ಸಾಲು ಬರೆಯುವುದು: ಯಾವ ಹೊತ್ತಿನಲ್ಲಿ ಮನಸ್ಸು ಹಗುರಾಗಿ ದೇವರ ಕಡೆ ತಿರುಗಿತು, ಯಾವ ಹೊತ್ತಿನಲ್ಲಿ ಒಣಗಿ ಮುದುಡಿತು, ಆಗ ಧಾರ್ಮಿಕ ಜೀವನದ ಯೋಚನೆ ಬಂದಿತ್ತೇ. ನೀವು ನರ್ಸ್ ಆಗಿರುವುದರಿಂದ ತಾರೀಕಿನ ಪಕ್ಕದಲ್ಲಿ ಡ್ಯೂಟಿ ಯಾವುದಿತ್ತು ಎಂದೂ ತಪ್ಪದೆ ಬರೆಯಿರಿ. ಸತತ ನಾಲ್ಕು ನೈಟ್ ಡ್ಯೂಟಿ ಆದ ಮೇಲೆ ಪ್ರಾರ್ಥನೆ ರುಚಿಸದಿದ್ದರೆ ಅದು ನಿದ್ದೆಗೇಡು, ಅದನ್ನು ದೇವರ ಉತ್ತರ ಎಂದು ಓದಬಾರದು. ವಾರದ ರಜೆಯಲ್ಲಿ ನಿದ್ದೆ ಮುಗಿಸಿ ಎದ್ದಾಗಲೂ ಅದೇ ಶುಷ್ಕತೆ ಇದೆಯೇ ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಮೂರು ತಿಂಗಳಾದ ಮೇಲೆ ಆ ನೋಟ್‌ಬುಕ್ಕನ್ನು ಒಂದೇ ಪಟ್ಟಿನಲ್ಲಿ ಓದಿ, ಮಾರ್ಗದರ್ಶಕರ ಮುಂದೆ ಇಡಿ. ಆಗ ನೋಡಬೇಕಾದದ್ದು ಸಮಾಧಾನ ಬಂತೇ ಎಂಬುದನ್ನಲ್ಲ, ಬಂದ ಸಮಾಧಾನ ಎಲ್ಲಿಗೆ ಕರೆದುಕೊಂಡು ಹೋಯಿತು ಎಂಬುದನ್ನು. ಜೆಸ್ವಿಟ್ ಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಅವರು ಒಂದು ಯೋಚನೆಯ ಆರಂಭ, ನಡು, ಕೊನೆ ಮೂರನ್ನೂ ಪರೀಕ್ಷಿಸಿ ಎನ್ನುತ್ತಾರೆ. ‘ಕಾನ್ವೆಂಟಿಗೆ ಹೋಗುತ್ತೇನೆ’ ಎಂಬ ಸಂತೋಷ ವಾರ್ಡಿನಲ್ಲಿ ನಿಮ್ಮ ತಾಳ್ಮೆಯನ್ನು ಹೆಚ್ಚಿಸಿದೆಯೇ, ಮನೆಯವರ ಮೇಲಿನ ಪ್ರೀತಿ ಬೆಳೆದಿದೆಯೇ? ಒಳ್ಳೆಯ ಗುರುತು. ಆ ಸಂತೋಷದ ಬೆನ್ನಿಗೇ ಸಹೋದ್ಯೋಗಿಗಳ ಮೇಲೆ ತಾತ್ಸಾರ, ಅಮ್ಮನ ಮೇಲೆ ಸಿಡುಕು, ಗಡಿಬಿಡಿ ಬರುತ್ತಿದ್ದರೆ ನಿಲ್ಲಿ, ಅದರ ಬೇರು ಎಲ್ಲಿದೆ ಎಂದು ನೋಡಿ.

ಅವರದೇ ಇನ್ನೊಂದು ನಿಯಮ: ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಆಗ ಪ್ರಾರ್ಥನೆ ಹೆಚ್ಚಿಸಿ ಕಾಯಬೇಕು. ಹಾಗೆಯೇ ಧ್ಯಾನಕೂಟದಿಂದ ಬಂದ ವಾರವೇ ರಾಜೀನಾಮೆ ಕೊಡುವುದೂ ಬೇಡ.

ಎಷ್ಟು ದಿನವಾದರೂ ಒಳಗೆ ಸ್ಪಷ್ಟವಾಗದೆ ಮನಸ್ಸು ಶಾಂತವಾಗಿಯೇ ಇದ್ದರೆ ಬುದ್ಧಿಯಿಂದ ತೂಗುವ ಕ್ರಮ ಇದೆ. ನಾಲ್ಕು ಅಂಕಣ ಹಾಕಿ: ಸೇರಿದರೆ ಒಳಿತು, ಸೇರಿದರೆ ಕಷ್ಟ, ಸೇರದಿದ್ದರೆ ಒಳಿತು, ಸೇರದಿದ್ದರೆ ಕಷ್ಟ. ಎರಡೇ ಅಂಕಣ ಸಾಕಲ್ಲವೇ ಎನಿಸುತ್ತದೆ, ಸಾಲದು. ‘ಸೇರದಿದ್ದರೆ ಒಳಿತು’ ಎಂದು ಬರೆಯಲು ಕೂತಾಗ ಮದುವೆ, ಮಕ್ಕಳು, ಸ್ವಂತ ಸಂಬಳ ಇವನ್ನೆಲ್ಲ ಒಳ್ಳೆಯದೆಂದೇ ಕಂಡು ಹೆಸರಿಸಬೇಕಾಗುತ್ತದೆ. ಮದುವೆಯನ್ನು ಕೀಳೆಂದು ಬಗೆದು ಬಿಟ್ಟುಬರುವವರ ವ್ರತಕ್ಕೆ ಬುನಾದಿ ಇರುವುದಿಲ್ಲ. ಅಂಕಣ ತುಂಬಿದ ಮೇಲೆ, ನಿಮ್ಮ ಹಾಗೆಯೇ ಇರುವ, ನೀವು ಎಂದೂ ಕಾಣದ ಒಬ್ಬಳು ಬಂದು ಕೇಳಿದರೆ ಏನು ಹೇಳುತ್ತೀರಿ, ಸಾಯುವ ಹೊತ್ತಿನಲ್ಲಿ ಯಾವುದನ್ನು ಆರಿಸಿಕೊಂಡಿರಬೇಕಿತ್ತು ಎನಿಸೀತು ಎಂದು ಕೇಳಿಕೊಳ್ಳಿ. ಇದೂ ಇಗ್ನೇಷಿಯಸರೇ ಕೊಟ್ಟದ್ದು.

ಎಡವುವುದು ಎಲ್ಲೆಂದರೆ, ಸಂಬಂಧ ನೋಡುವ ಒತ್ತಡ, ಮುರಿದ ಪ್ರೀತಿ, ಸಾಕಾದ ಕೆಲಸ ಇವುಗಳಿಂದ ಓಡುತ್ತಿರುವಾಗ. ಅದರಿಂದ ಕರೆ ಸುಳ್ಳು ಎಂದಾಗುವುದಿಲ್ಲ, ಆದರೆ ಆ ಗಾಯ ಸ್ವಲ್ಪ ಮಾಯುವವರೆಗೆ ಕಾಯಬೇಕು. ಕಾರಣ ಹೋದ ಮೇಲೂ ಸೆಳೆತ ಉಳಿದರೆ ಆಗ ಅದಕ್ಕೆ ತೂಕ.

ಕಣಿವೆ ಗಂಟೆ ಉತ್ತರ:

ಯಾವ ಸಭೆ ಎಂಬ ಪ್ರಶ್ನೆಗೆ. ನೀವು ‘ಕಾರ್ಮೆಲ್’ ಎಂದಿದ್ದೀರಿ, ನಮ್ಮ ಕಡೆ ಅಲ್ಲೇ ಗೊಂದಲ. ಮಂಗಳೂರಿಗೆ 1870ರಲ್ಲಿ, ಬಿಷಪ್ ಮರಿ ಎಫ್ರೆಮ್ ಅವರ ಕಾಲದಲ್ಲಿ, ಕಾರ್ಮೆಲ್ ಎರಡು ರೂಪದಲ್ಲಿ ಬಂತು. ಒಂದು ಕ್ಲೋಯಿಸ್ಟರ್ (ಹೊರಗೆ ಹೋಗದೆ ಒಳಗೇ ಬದುಕುವ ಮಠ), ಈಗ ಕಂಕನಾಡಿಯಲ್ಲಿರುವುದು. ಇನ್ನೊಂದು ಮದರ್ ವೆರೊನಿಕಾ ಫ್ರಾನ್ಸಿನ ಬಯೋನ್‌ನಲ್ಲಿ 1868ರಲ್ಲಿ ಶುರುಮಾಡಿದ ಅಪೋಸ್ಟಲಿಕ್ ಕಾರ್ಮೆಲ್, ಶಾಲಾ ಕಾಲೇಜು ನಡೆಸುವವರು. ಮೌನವೂ ಬೇಕು, ಜನರ ನಡುವೆ ಕೆಲಸವೂ ಬೇಕು ಎನ್ನುವವರು ಎರಡನ್ನೂ ನೋಡದೆ ತೀರ್ಮಾನಿಸಬಾರದು. ಮಂಗಳೂರಿನಲ್ಲೇ ಹುಟ್ಟಿದ ಸಭೆಗಳೂ ಇವೆ: 1887ರ ಉರ್ಸುಲೈನ್ ಫ್ರಾನ್ಸಿಸ್ಕನ್, 1921ರ ಬೆಥನಿ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಆರಂಭಿಸಿದವರು ಗುಡ್ ಶೆಫರ್ಡ್ ಸಿಸ್ಟರ್‌ಗಳು.

ಒಂದು ಎಚ್ಚರಿಕೆ. ಆಸ್ಪತ್ರೆ ನಡೆಸುವ ಸಭೆಗೆ ಸೇರಿದರೆ ನರ್ಸ್ ಆಗಿಯೇ ಇರುತ್ತೇನೆ ಎಂದು ಲೆಕ್ಕ ಹಾಕಬೇಡಿ. ಹಾಸ್ಟೆಲ್ ವಾರ್ಡನ್ ಆಗಿ ಕಳಿಸಬಹುದು, ಒಡಿಶಾದ ಹಳ್ಳಿಗೂ ಕಳಿಸಬಹುದು. ವಿಧೇಯತೆಯ ವ್ರತ ನಿತ್ಯದ ಬದುಕಿನಲ್ಲಿ ಕಾಣುವುದು ಹೀಗೆಯೇ. ‘ನನ್ನ ವೃತ್ತಿ ಕೈಬಿಟ್ಟರೂ ಈ ಸಿಸ್ಟರ್‌ಗಳ ಜೊತೆ ಬದುಕಬಲ್ಲೆನೇ?’ ಎಂದು ಕೇಳಿಕೊಳ್ಳಿ. ವೃತ್ತಿಯೇ ಮುಖ್ಯವಾಗಿದ್ದರೆ ಗೃಹಸ್ಥಳಾಗಿಯೇ ಮಿಷನ್ ಆಸ್ಪತ್ರೆಯಲ್ಲಿ ದುಡಿಯುವುದು ನಿಜವಾದ, ಗೌರವದ ದಾರಿ.

ಕ್ಲೋಯಿಸ್ಟರ್ ಬದುಕು ಪೂರ್ತಿ ಬೇರೆ. ಸಂತ ಅವಿಲಾ ತೆರೇಸಮ್ಮನವರು 1562ರಲ್ಲಿ ಕಾರ್ಮೆಲಿನ ಸುಧಾರಣೆ ಶುರುಮಾಡಿದಾಗಿನ ಚೌಕಟ್ಟೇ ಇವತ್ತಿಗೂ ಇದೆ: ದಿನಕ್ಕೆ ಎರಡು ಗಂಟೆ ಮೌನ ಪ್ರಾರ್ಥನೆ, ಬೆಳಿಗ್ಗೆ ಒಂದು, ಸಂಜೆ ಒಂದು. ಎರಡು ಹೊತ್ತು ಎಲ್ಲರೂ ಕೂತು ಮಾತಾಡಿ ನಗುವ ವೇಳೆ. ಸಮುದಾಯ ಚಿಕ್ಕದು. ಆದ್ದರಿಂದ ಜನರ ಸಹವಾಸ ಬೇಡವೆಂದು ಮೌನ ಇಷ್ಟಪಡುವವರಿಗೆ ಅಲ್ಲಿ ಕಷ್ಟ. ಅದೇ ಹದಿನೈದು ಇಪ್ಪತ್ತು ಮುಖಗಳನ್ನು ಸಾಯುವವರೆಗೆ ಪ್ರೀತಿಸಬೇಕು, ಹೊರಗೆ ಹೋಗಿ ಬರುವ ನೆಪವೂ ಇಲ್ಲ. ಅಂತರ್ಮುಖಿ ಸ್ವಭಾವವನ್ನೇ ಕಾರ್ಮೆಲಿನ ಕರೆ ಎಂದು ತಿಳಿದವರು ಮೊದಲ ವರ್ಷದಲ್ಲೇ ಸೋಲುತ್ತಾರೆ.

ಮೂರಕ್ಕಿಂತ ಹೆಚ್ಚು ಸಭೆಗಳಿಗೆ ಪತ್ರ ಬರೆಯಬೇಡಿ, ತಲೆ ಕೆಡುತ್ತದೆ. ‘ಬಂದು ನೋಡಿ’ ಶಿಬಿರಗಳು ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲಿ, ಕೆಲವು ದಿನ. ಅದು ಪರಿಚಯಕ್ಕೆ ಮಾತ್ರ. ಹಾಡು, ಆಟ, ಭಾಷಣದಲ್ಲಿ ದಿನ ಕಳೆಯುತ್ತದೆ. ಆಮೇಲೆ ನೀವಾಗಿಯೇ ಕೇಳಿ, ಶಿಬಿರ ಇಲ್ಲದ ಸಾಧಾರಣ ದಿನಗಳಲ್ಲಿ ಒಂದು ಚಿಕ್ಕ ಕಾನ್ವೆಂಟಿನಲ್ಲಿ ಹತ್ತು ದಿನ ಇದ್ದು ನೋಡಿ. ಕ್ಲೋಯಿಸ್ಟರ್ ಮಠಗಳಲ್ಲಿ ಕೆಲವು ಒಳಗೆ ಇರಗೊಡುತ್ತವೆ, ಕೆಲವು ಪಾರ್ಲರಿನಲ್ಲಿ (ಅತಿಥಿಗಳ ಕೋಣೆಯಲ್ಲಿ) ಭೇಟಿಗಷ್ಟೇ ಅವಕಾಶ ಕೊಡುತ್ತವೆ. ಮದರ್‌ಗೆ ಪತ್ರ ಬರೆದು ಕೇಳಬೇಕು.

ಅಲ್ಲಿದ್ದಾಗ ಚಾಪೆಲ್ ನೋಡಿ ಮಾರುಹೋಗಬೇಡಿ. ಊಟದ ಮೇಜು ನೋಡಿ. ಹಿರಿಯ ಸಿಸ್ಟರ್ ನಿಧಾನವಾಗಿ ಊಟ ಮುಗಿಸುವವರೆಗೆ ಯಾರಾದರೂ ಜೊತೆಗೆ ಕೂತಿರುತ್ತಾರೆಯೇ, ಪಾತ್ರೆ ತೊಳೆಯುವಾಗ ಸುಪೀರಿಯರ್ (ಮನೆಯ ಮುಖ್ಯಸ್ಥೆ) ಕೂಡ ಕೈಹಾಕುತ್ತಾರೆಯೇ, ಅಡುಗೆಯ ಅಕ್ಕನನ್ನು ಹೇಗೆ ಮಾತಾಡಿಸುತ್ತಾರೆ. ವಯಸ್ಸಾದವರನ್ನು, ಕಾಯಿಲೆಯವರನ್ನು ಇಟ್ಟಿರುವ ಮನೆಗೆ ಹೋಗಲು ಅನುಮತಿ ಕೇಳಿ. ನೀವು ನರ್ಸ್, ಅಲ್ಲಿ ಆರೈಕೆ ಹೇಗಿದೆ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ನಲವತ್ತು ವರ್ಷದ ನಂತರ ನೀವಿರುವ ಕೋಣೆ ಅದು.

ಕೇಳಲು ಸಂಕೋಚಪಡಬಾರದ ಪ್ರಶ್ನೆಗಳೂ ಇವೆ. ಕಳೆದ ಐದು ವರ್ಷದಲ್ಲಿ ನವದೀಕ್ಷೆಗೆ (ಮೊದಲ ವ್ರತಕ್ಕೆ ಮುಂಚಿನ ತರಬೇತಿಗೆ) ಬಂದವರೆಷ್ಟು, ಬಿಟ್ಟವರೆಷ್ಟು, ಯಾಕೆ? ಮನೆಗೆ ರಜೆ ಎಷ್ಟು ದಿನ, ಫೋನ್ ನಿಯಮ ಏನು? ದೂರು ಇದ್ದರೆ ಸುಪೀರಿಯರ್ ಅಲ್ಲದೆ ಇನ್ನಾರಿಗೆ ಹೇಳಬಹುದು? ಉತ್ತರ ಕೊಡಲು ಮುಜುಗರಪಡದ ಮನೆ ಆರೋಗ್ಯವಾಗಿದೆ ಎಂದು ತಿಳಿಯಿರಿ. ‘ಅದೆಲ್ಲ ಈಗ ಯಾಕೆ, ಪ್ರಾರ್ಥನೆ ಮಾಡು’ ಎಂದರೆ ಬೇರೆ ಮನೆ ನೋಡಿ. ಓದಿಸುತ್ತೇವೆ, ವಿದೇಶಕ್ಕೆ ಕಳಿಸುತ್ತೇವೆ ಎಂದು ಆಸೆ ತೋರಿಸುವವರ ಬಳಿಯಂತೂ ಹೋಗಲೇಬೇಡಿ.

ಭಾಷೆಯನ್ನೂ ಕೇಳಿಕೊಳ್ಳಿ. ಹಲವು ಕಡೆ ತರಬೇತಿ ಇಂಗ್ಲಿಷಿನಲ್ಲಿ; ಕರಾವಳಿಯ ಮನೆಗಳಲ್ಲಿ ಊಟದ ಮಾತು ಕೊಂಕಣಿ, ಕೇರಳ ಮೂಲದ ಸಭೆಗಳಲ್ಲಿ ಮಲಯಾಳಂ. ಕನ್ನಡದಲ್ಲೇ ಪ್ರಾರ್ಥಿಸಿ ಬೆಳೆದವರಿಗೆ ಒಂಟಿತನ ಮೊದಲು ಹೊಡೆಯುವುದು ಊಟದ ಮೇಜಿನಲ್ಲಿ. ತಯಾರಿ ಇದ್ದರೆ ಇದು ದಾಟಬಹುದಾದ ಕಷ್ಟ.

ಕಾನೂನು ಪುಟ ಉತ್ತರ:

ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ (1983) ಏನು ಹೇಳುತ್ತದೆ ಎಂದು ನೇರವಾಗಿ ತಿಳಿಸುತ್ತೇನೆ.

ಸಾಲ. ತೀರಿಸಲಾಗದ ಸಾಲದ ಹೊರೆ ಇರುವವರನ್ನು ಸೇರಿಸಿಕೊಳ್ಳಬಾರದು ಎಂದು 644ನೆಯ ಕಾನೂನು. ಬಡತನದ ವ್ರತ ಮಾಡಿದ ಮೇಲೆ ನಿಮ್ಮ ಕೈಗೆ ಸಂಬಳ ಬರುವುದಿಲ್ಲ, ಕಂತು ಕಟ್ಟುವವರು ಯಾರು? ಅಪ್ಪ ಸಹ-ಸಾಲಗಾರರಾಗಿ ಸಹಿ ಹಾಕಿದ್ದರೆ ಬ್ಯಾಂಕು ಅವರ ಬಾಗಿಲಿಗೆ ಬರುತ್ತದೆ. ಸಭೆ ತೀರಿಸುತ್ತದೆ ಎಂದು ನಂಬಿ ಹೊರಡಬೇಡಿ. ಹಾಗೆ ಯಾರಾದರೂ ತೀರಿಸಿದರೆ ನಾಳೆ ಬಿಟ್ಟುಬರುವ ಸ್ವಾತಂತ್ರ್ಯಕ್ಕೆ ಅದೇ ಕಟ್ಟಾಗುತ್ತದೆ. ಕೆಲಸದಲ್ಲಿದ್ದೇ ಅಸಲಿಗೆ ಹೆಚ್ಚು ಕಟ್ಟಿ ಮುಗಿಸಿ, ಬ್ಯಾಂಕಿನಿಂದ ಸಾಲ ತೀರಿದ ಪತ್ರ ತೆಗೆದುಕೊಳ್ಳಿ. ಮೇಲಿನವರು ಹೇಳಿದ ಪರಿಶೀಲನೆಗೂ ಆ ಸಮಯ ಒದಗುತ್ತದೆ.

ಅವಧಿ. ನವದೀಕ್ಷೆಗೆ 17 ವರ್ಷ ತುಂಬಿರಬೇಕು. ಕೆಲಸಮಾಡುವ ಸಭೆಗಳಲ್ಲಿ ಮೊದಲು ಅಭ್ಯರ್ಥಿ, ಪೋಸ್ಟುಲೆಂಟ್ (ನವದೀಕ್ಷೆಗೆ ಮುಂಚಿನ ಹಂತಗಳು) ಎಂದು ಒಂದೆರಡು ವರ್ಷ, ಆಯಾ ಸಭೆಯ ನಿಯಮದಂತೆ. ಆಮೇಲೆ ನವದೀಕ್ಷೆ, ಕನಿಷ್ಠ 12 ತಿಂಗಳು ನವದೀಕ್ಷಾ ಮನೆಯಲ್ಲೇ ಇರಬೇಕು, ಒಟ್ಟು ಎರಡು ವರ್ಷ ಮೀರಬಾರದು. ಸಂದೇಹ ಉಳಿದರೆ ಆರು ತಿಂಗಳವರೆಗೆ ಮುಂದೂಡಬಹುದು. ಆ 12 ತಿಂಗಳಲ್ಲಿ ಬಿಡಿಬಿಡಿಯಾಗಿ ಆದರೂ ಮೂರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ನವದೀಕ್ಷೆ ಅಸಿಂಧು. 15 ದಿನ ಮೀರಿದರೆ ಆ ದಿನಗಳನ್ನು ತುಂಬಿಕೊಡಬೇಕು. ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಆಗುವುದಿದ್ದರೆ ಅದನ್ನು ಮುಗಿಸಿಕೊಂಡೇ ನವದೀಕ್ಷೆಗೆ ಹೋಗುವುದು ಜಾಣತನ. ನಂತರ ತಾತ್ಕಾಲಿಕ ವ್ರತ, ಮೂರರಿಂದ ಆರು ವರ್ಷ. ವಿಸ್ತರಿಸಿದರೂ ಒಟ್ಟು ಒಂಬತ್ತು ದಾಟುವಂತಿಲ್ಲ. ಆಜೀವ ವ್ರತಕ್ಕೆ 21 ತುಂಬಿರಬೇಕು.

ಕ್ಲೋಯಿಸ್ಟರ್ ಮಠಗಳಿಗೆ ವ್ಯಾಟಿಕನ್ನಿನ 2018ರ ‘ಕೋರ್ ಒರಾನ್ಸ್’ ಸೂಚನೆ ಅನ್ವಯ. ಆಸ್ಪಿರೆಂಟ್ (ಅಭ್ಯರ್ಥಿ) ಕನಿಷ್ಠ ಒಂದು ವರ್ಷ, ಪೋಸ್ಟುಲೆಂಟ್ ಕನಿಷ್ಠ ಒಂದು ವರ್ಷ, ನವದೀಕ್ಷೆ ಎರಡು, ತಾತ್ಕಾಲಿಕ ವ್ರತ ಐದು. ಒಟ್ಟು ಒಂಬತ್ತಕ್ಕಿಂತ ಕಡಿಮೆ ಇಲ್ಲ, ಹನ್ನೆರಡಕ್ಕಿಂತ ಹೆಚ್ಚಿಲ್ಲ.

ಹಿಂದಿರುಗುವುದು. ನವದೀಕ್ಷೆ ಮುಗಿಯುವವರೆಗೆ ಯಾವ ದಿನವಾದರೂ ಹೊರಡಬಹುದು, ಸಭೆಯೂ ಕಳಿಸಬಹುದು. ತಾತ್ಕಾಲಿಕ ವ್ರತದ ಅವಧಿ ಮುಗಿದ ದಿನ ನವೀಕರಿಸದೆ ಬಿಡುವುದು ನಿಮ್ಮ ಹಕ್ಕು. ಅವಧಿಯ ನಡುವೆ ಬಿಡಬೇಕಾದರೆ ಗಂಭೀರ ಕಾರಣ ಕೊಟ್ಟು ಅನುಮತಿ ಪಡೆಯಬೇಕು. ಆಜೀವ ವ್ರತದ ನಂತರ ಅತಿ ಗಂಭೀರ ಕಾರಣವಿದ್ದರೆ ಮಾತ್ರ, ಸಭೆಯ ಸ್ವರೂಪದಂತೆ ರೋಮ್ ಅಥವಾ ಧರ್ಮಾಧ್ಯಕ್ಷರು (ಬಿಷಪ್) ಬಿಡುಗಡೆ ಕೊಡುತ್ತಾರೆ. ಬಿಟ್ಟವರು ಅಷ್ಟು ವರ್ಷ ದುಡಿದದ್ದಕ್ಕೆ ಹಣ ಕೇಳುವಂತಿಲ್ಲ. ಆದರೆ ಅವರ ವಿಷಯದಲ್ಲಿ ಸಭೆ ನ್ಯಾಯ ಮತ್ತು ಪ್ರೀತಿಯಿಂದ ನಡೆದುಕೊಳ್ಳಬೇಕು ಎಂದು 702ನೆಯ ಕಾನೂನು. ಹೊರಟವರಿಗೆ ಏನು ನೆರವು ಕೊಡುತ್ತೀರಿ ಎಂದು ಮೊದಲೇ ಕೇಳುವುದು ಅಪನಂಬಿಕೆಯಲ್ಲ.

ಆಸ್ತಿ. ಮೊದಲ ವ್ರತಕ್ಕೆ ಮುಂಚೆ ಆಸ್ತಿಯ ನಿರ್ವಹಣೆಯನ್ನು ನಿಮಗೆ ಬೇಕಾದವರಿಗೆ ವಹಿಸಬೇಕು, ಒಡೆತನ ನಿಮ್ಮದೇ. ಆಜೀವ ವ್ರತಕ್ಕೆ ಮುಂಚೆಯಾದರೂ ದೇಶದ ಕಾನೂನಿನಲ್ಲಿ ನಿಲ್ಲುವ ಉಯಿಲು ಮಾಡಬೇಕು, ಅಂದರೆ ನಮ್ಮಲ್ಲಿ ಇಬ್ಬರು ಸಾಕ್ಷಿಗಳ ಸಹಿ ಬೇಕು. ಸೇರುವ ಹೊತ್ತಿಗೆ ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರ ತಂದರೆ ತಕ್ಷಣ ಸಹಿ ಹಾಕಬೇಡಿ. ನವದೀಕ್ಷೆಯಲ್ಲಿ ಬಿಟ್ಟುಬಂದರೆ ಅದು ವಾಪಸು ಬರುವುದಿಲ್ಲ.

ಕಾಗದಪತ್ರ. ದೀಕ್ಷಾಸ್ನಾನ ಮತ್ತು ದೃಢೀಕರಣ ಸಂಸ್ಕಾರದ ಪತ್ರ, ಅವಿವಾಹಿತೆ ಎಂಬ ದಾಖಲೆ, ವಿಚಾರಣೆ ಗುರುಗಳ (ನಿಮ್ಮ ಧರ್ಮಕೇಂದ್ರದ ಪಾದ್ರಿಯ) ಪತ್ರ, ಅಂಕಪಟ್ಟಿ, ವೈದ್ಯಕೀಯ ವರದಿ. ಹಿಂದೆ ಬೇರೆ ಸಭೆಯಲ್ಲಿ ಇದ್ದಿದ್ದರೆ ಅಲ್ಲಿಯ ಮೇಲಧಿಕಾರಿಯ ಪತ್ರವೂ ಬೇಕು, ಮುಚ್ಚಿಡಬಾರದು. ಅನೇಕರು ಎಡವುವುದು ದೀಕ್ಷಾಸ್ನಾನ ಪತ್ರದಲ್ಲಿ. ಮನೆಯಲ್ಲಿ ಲ್ಯಾಮಿನೇಟ್ ಮಾಡಿಟ್ಟ ಹಳೆಯದು ನಡೆಯುವುದಿಲ್ಲ. ಮದುವೆ, ಆಜೀವ ವ್ರತ ಮುಂತಾದವನ್ನು ದೀಕ್ಷಾಸ್ನಾನದ ಮೂಲ ರಿಜಿಸ್ಟರಿನಲ್ಲೇ ಬರೆದಿರುತ್ತಾರೆ. ಆದ್ದರಿಂದ ದೀಕ್ಷಾಸ್ನಾನ ಪಡೆದ ಚರ್ಚಿನಿಂದ, ಆ ಟಿಪ್ಪಣಿಗಳ ಸಮೇತ ಹೊಸದಾಗಿ ತೆಗೆಸಬೇಕು. ಅದರಲ್ಲಿರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಆಧಾರಿಗೂ ಹೊಂದದಿದ್ದರೆ ಈಗಲೇ ಗುರುಗಳಿಗೆ ತಿಳಿಸಿ.

ಮನೋವೈದ್ಯಕೀಯ ಪರೀಕ್ಷೆಯನ್ನೂ ಬಹಳ ಸಭೆಗಳು ಕೇಳುತ್ತವೆ. ನಿಮ್ಮ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ವರದಿ ಯಾರು ಓದುತ್ತಾರೆ, ಎಲ್ಲಿ ಇಡುತ್ತಾರೆ ಎಂದು ಸಹಿ ಹಾಕುವ ಮುಂಚೆ ಕೇಳಿ.

ಸಹ್ಯಾದ್ರಿ ತೆರೇಸಾ:

ಎಲ್ಲರಿಗೂ ತುಂಬಾ ಧನ್ಯವಾದ. ಹರಕೆಯ ವಿಷಯ ಬಿಟ್ಟುಹೋಯಿತು. ನಾನು ಮಗುವಾಗಿದ್ದಾಗ ಕಾಯಿಲೆ ಬಿದ್ದಾಗ ‘ಇವಳು ಉಳಿದರೆ ದೇವರ ಸೇವೆಗೆ ಕೊಡುತ್ತೇನೆ’ ಎಂದು ಅಮ್ಮ ವೇಲಾಂಕಣಿ ಮಾತೆಗೆ ಹರಕೆ ಹೊತ್ತಿದ್ದಾರೆ. ಅಪ್ಪನಿಗೆ ನಾನು ಹೋಗುವುದು ಇಷ್ಟವಿಲ್ಲ, ಅಮ್ಮನಿಗೆ ಹೋಗದಿದ್ದರೆ ಭಯ. ಈ ಹರಕೆ ನನ್ನನ್ನು ಕಟ್ಟಿಹಾಕುತ್ತದೆಯೇ?

ಕಾನೂನು ಪುಟ ಉತ್ತರ:

ಇಲ್ಲ. ಹರಕೆ ಹೊತ್ತವರನ್ನು ಮಾತ್ರ ಅದು ಕಟ್ಟುತ್ತದೆ, ಬೇರೆಯವರನ್ನಲ್ಲ ಎಂದು 1193ನೆಯ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ತಾಯಿ ತನ್ನ ಉಪವಾಸ, ತನ್ನ ಯಾತ್ರೆ, ತನ್ನ ಕಾಣಿಕೆ ಕೊಡಬಹುದು. ಮಗಳ ಜೀವನವನ್ನು ಕೊಡುವ ಅಧಿಕಾರ ಆಕೆಗಿಲ್ಲ. ಜೀವನದ ಸ್ಥಿತಿಯನ್ನು ಯಾರ ಬಲವಂತವೂ ಇಲ್ಲದೆ ಆರಿಸಿಕೊಳ್ಳುವ ಹಕ್ಕು ಎಲ್ಲ ಕ್ರೈಸ್ತ ವಿಶ್ವಾಸಿಗಳಿಗೂ ಇದೆ (219). ಬಲವಂತ ಅಥವಾ ತೀವ್ರ ಭಯದಿಂದ ನವದೀಕ್ಷೆಗೆ ಸೇರಿದರೆ ಆ ಸೇರ್ಪಡೆಯೇ ಅಸಿಂಧು. ಅಮ್ಮನ ಮನಸ್ಸಿನ ಭಾರ ಇಳಿಸಲು ದಾರಿ ಇದೆ: ಖಾಸಗಿ ಹರಕೆಯಿಂದ ಬಿಡುಗಡೆ ಕೊಡುವ ಅಥವಾ ಅದನ್ನು ಬೇರೆ ಸತ್ಕಾರ್ಯಕ್ಕೆ ಬದಲಿಸುವ ಅಧಿಕಾರ ನಿಮ್ಮ ವಿಚಾರಣೆ ಗುರುಗಳಿಗೇ ಇದೆ. ಅಮ್ಮನೇ ಹೋಗಿ ಮಾತಾಡಲಿ, ನೀವು ಪರವಾಗಿ ಕೇಳಬೇಡಿ. ಇದು ಇತ್ಯರ್ಥವಾದ ಮೇಲೆ ಸಭೆಗಳಿಗೆ ಪತ್ರ ಬರೆಯಿರಿ.

ಮೌನಧ್ಯಾನ ಉತ್ತರ:

ತಂಗಿ, ಹರಕೆ ಇಳಿದ ಮೇಲೆ ಬರುವ ದಿನಗಳನ್ನು ನೋಟ್‌ಬುಕ್ಕಿನಲ್ಲಿ ವಿಶೇಷವಾಗಿ ಗಮನಿಸಿ. ‘ಹೋಗಲೇಬೇಕು’ ಎಂಬ ಒತ್ತಡ ಹೋದಾಗ ಆಸೆಯೂ ಹೋಗಿಬಿಟ್ಟರೆ ಅದೊಂದು ಉತ್ತರ. ಉಳಿದರೆ ಇನ್ನೊಂದು ಉತ್ತರ. ಅಪ್ಪನ ವಿರೋಧವನ್ನು ಶತ್ರುವಿನ ಕೆಲಸ ಎಂದು ಭಾವಿಸಬೇಡಿ. ಸಾಲದ ಭಯ, ವಯಸ್ಸಾದಾಗ ಯಾರು ನೋಡಿಕೊಳ್ಳುತ್ತಾರೆ ಎಂಬ ಭಯ ಎರಡೂ ನ್ಯಾಯವಾದದ್ದೇ. ಅವರನ್ನು ಕಾನ್ವೆಂಟಿಗೆ ಒಮ್ಮೆ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಸಿಸ್ಟರ್‌ಗಳಿಗೆ ಕೇಳಲಿ. ಇಬ್ಬರನ್ನೂ ನೋಡಿಕೊಳ್ಳಲು ನೀವು ಬಿಟ್ಟರೆ ಬೇರೆ ಯಾರೂ ಇಲ್ಲ ಎಂದಿದ್ದರೆ ಅದನ್ನು ಮೊದಲ ಸಂದರ್ಶನದಲ್ಲೇ ಹೇಳಿ.

ಕಣಿವೆ ಗಂಟೆ ಉತ್ತರ:

ನರ್ಸಿಂಗಿನವರಿಗೆ ಎರಡು ಮಾತು ಸೇರಿಸುತ್ತೇನೆ. ರಾಜ್ಯದ ನರ್ಸಿಂಗ್ ಕೌನ್ಸಿಲ್ ನೋಂದಣಿ ಆಗದಿದ್ದರೆ ಕೆಲಸದಲ್ಲಿರುವಾಗಲೇ ಮಾಡಿಸಿ. ನವದೀಕ್ಷೆಯ ಒಳಗಿಂದ ಕಚೇರಿಗೆ ಓಡಾಡಲು ಆಗುವುದಿಲ್ಲ. ಆಸ್ಪತ್ರೆಯಿಂದ ಅನುಭವ ಪತ್ರ ತೆಗೆದುಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಅಪ್ಪನ ಕೈಯಲ್ಲಿ ಬಿಟ್ಟು, ದೃಢೀಕರಿಸಿದ ಪ್ರತಿಗಳನ್ನು ಸಭೆಗೆ ಕೊಡಿ. ಮೂಲ ಪ್ರತಿಯೇ ಬೇಕೆಂದರೆ ಪಡೆದುದಕ್ಕೆ ರಸೀದಿ ಕೇಳಿ. ರಾಜೀನಾಮೆಯ ನೋಟಿಸ್ ಅವಧಿ ಲೆಕ್ಕ ಹಾಕಿ ಸೇರುವ ತಾರೀಕು ಹೇಳಿ. ಹೊಸ ತಂಡ ಸೇರಿಸಿಕೊಳ್ಳುವುದು ಹೆಚ್ಚಾಗಿ ಮೇ, ಜೂನ್ ತಿಂಗಳಲ್ಲಿ.